ಒಂದು ಬದಿ ಹಬ್ಬ, ಒಂದು ಬದಿ ಉಪವಾಸ

ಲುಂಬಾನ್ ಊರಿನ ಹೊಳೆಬೀದಿಯಲ್ಲಿ ಆಲಿಂಗ್ ಸೆಪಾಳ, ಅಂದರೆ ಸೆಪಾ ಅಕ್ಕನ, ಕೈಯಲ್ಲಿ ಬಟ್ಟೆ ಹೊಲಿಸಿಕೊಳ್ಳದವರು ಇರಲಿಲ್ಲ. ಅವಳ ಬಾಯಲ್ಲಿ ಬೆಲೆ ಕೇಳಿದವರೂ ಇರಲಿಲ್ಲ. "ಎಷ್ಟಾಗುತ್ತೆ?" ಅಂದರೆ ಸಾಕು, ಅದೇ ಗಳಿಗೆಯಲ್ಲಿ ಅವಳ ಕತ್ತರಿ ಕಳೆದುಹೋಗುತ್ತಿತ್ತು. ಅದನ್ನು ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿ, ಅಲ್ಲಿಂದಲೇ ಹೇಳುತ್ತಿದ್ದಳು: "ಅಯ್ಯೋ, ಅದಕ್ಕೇನಂತೆ, ನಿಮಗೆ ತೋಚಿದ್ದು ಕೊಡಿ."

ತೋಚಿದ್ದು ಕೊಡಿ ಅಂದರೆ ಪುಕ್ಕಟೆ ಅಂತ ಅಲ್ಲ, ಅದು ಊರಿಗೆಲ್ಲ ಗೊತ್ತು. ಹಬ್ಬ ಮೆರವಣಿಗೆಗೆ ವೇಷ ಹೊಲಿಸುವವರು ಮೊದಲು ಎದುರುಮನೆಯ ತೋಯಾಂಗಳ ಹತ್ತಿರ ಹೋಗಿ ಎರಡು ಅಕ್ಕಿ ಕಡುಬು ಕೊಂಡು, ಹೋದ ವರ್ಷ ಯಾರು ಎಷ್ಟು ಕೊಟ್ಟರು ಎಂದು ತಿಳಿದುಕೊಳ್ಳಬೇಕು. ಅದರ ಮೇಲೆ ತಮ್ಮ ಮರ್ಯಾದೆಗೆ ತಕ್ಕಷ್ಟು ಸೇರಿಸಬೇಕು. ಆಮೇಲೆ ಸೆಪಾ ಕೊಟ್ಟ ಕಾಫಿ ಕುಡಿದು, ಬಸಿಯ ಕೆಳಗೆ ನೋಟು ಮಡಚಿಟ್ಟು, ಸೆಕೆಯ ಬಗ್ಗೆ ಏನೋ ಗೊಣಗುತ್ತ ಮೆಟ್ಟಿಲಿಳಿಯಬೇಕು. ಜನ ಬೀದಿ ತಿರುಗುವ ತನಕ ಸೆಪಾ ಆ ಬಸಿ ಎತ್ತುತ್ತಿರಲಿಲ್ಲ. ಕಡಿಮೆಯಿದ್ದರೂ ತುಟಿ ಪಿಟಕ್ ಅನ್ನುತ್ತಿರಲಿಲ್ಲ.

ಹಾಗಂತ ಅವಳನ್ನು ಪಾಪದ ಹಸು ಅಂದುಕೊಂಡರೆ ಕೆಟ್ಟಿರಿ. ಅಕ್ಕಿ ಗಿರಣಿಯ ಯಜಮಾನರೊಬ್ಬರು ಒಂದು ವರ್ಷ ಮಗಳ ರಾಣಿವೇಷಕ್ಕೆ ಬಸಿಯ ಕೆಳಗೆ ಚಿಲ್ಲರೆ ಇಟ್ಟು ಹೋದರು. ಮರುವರ್ಷ ಸೆಪಾ ಆ ಹುಡುಗಿಯ ಕುಪ್ಪಸಕ್ಕೆ ಸರಿಯಾಗಿ ಹೆರೆಯದ ಬೆತ್ತ ಹಾಕಿದಳು. ಹುಡುಗಿಯರು ರಾಣಿಯರಾಗಿ ಸಾಗುವ ಇಗರ್ಜಿಯ ಮೇ ತಿಂಗಳ ಮೆರವಣಿಗೆಯಲ್ಲಿ ಉಳಿದ ರಾಣಿಯರೆಲ್ಲ ಗಂಭೀರವಾಗಿ ನಡೆದರೆ, ಗಿರಣಿಯ ರಾಣಿ ಮಾತ್ರ ಹಳೇ ಎತ್ತಿನಗಾಡಿಯ ಹಾಗೆ ಹೆಜ್ಜೆ ಹೆಜ್ಜೆಗೂ ಕಿರುಗುಟ್ಟಿದಳು. ಯಜಮಾನರಿಗೆ ಅರ್ಥವಾಯಿತು. ಮತ್ತೆಂದೂ ಅವರು ಕಡುಬಿನ ಅಂಗಡಿಯಲ್ಲಿ ವಿಚಾರಿಸದೆ ಮೆಟ್ಟಿಲು ಹತ್ತಲಿಲ್ಲ.

ಸೆಪಾಳ ಹೆಸರು ನಿಂತಿದ್ದೇ ಆ ಬೆತ್ತದ ಕುಪ್ಪಸದ ಮೇಲೆ. ಪೇಟೆಯವರು ಅದಕ್ಕೆ ಕಾರ್ಸೆಟ್ ಅನ್ನುತ್ತಾರೆ. ನಿಲುವಂಗಿಯ ಒಳಗೆ, ಎದೆಯಿಂದ ಸೊಂಟದ ತನಕ ಮೈಯನ್ನು ಹಿಡಿದು ನಿಲ್ಲಿಸುವ ಬಿಗಿ ಕುಪ್ಪಸ ಅದು. ಬೆತ್ತವನ್ನು ಹೊಳೆನೀರಿನಲ್ಲಿ ನೆನೆಹಾಕಿ, ಸೀಳಿ, ಗಾಜಿನ ಚೂರಿನಿಂದ ನುಣ್ಣಗೆ ಹೆರೆದು, ಮೊಣಕಾಲಿನ ಮೇಲೆ ಬಾಗಿಸಿ, ಒಂದೊಂದೇ ಕಡ್ಡಿಯನ್ನು ಎರಡು ಪದರ ಬಟ್ಟೆಯ ನಡುವೆ ಕೂರಿಸುತ್ತಿದ್ದಳು. ಹಿಂದೆ ಬೆನ್ನಿಗೆ ಲಾಡಿ. ಅವಳ ಕುಪ್ಪಸ ತೊಟ್ಟ ಗೂನುಬೆನ್ನಿನವಳೂ ರಾಣಿಯ ಹಾಗೆ ನಿಲ್ಲುತ್ತಿದ್ದಳು. ಮೇ ತಿಂಗಳ ರಾಣಿಯರು, ಶುಭ ಶುಕ್ರವಾರದ ಆಟದ ರೋಮನ್ ಸಿಪಾಯಿಗಳು, ಈಸ್ಟರ್ ಬೆಳಗಿನ ಪುಟಾಣಿ ದೇವದೂತರು, ಎಲ್ಲರ ವೇಷವೂ ಅವಳದೇ. ಮದುವೆ ಹುಡುಗಿಯ ಬಟ್ಟೆ ಮಾತ್ರ ಅವಳು ಮುಟ್ಟುತ್ತಿರಲಿಲ್ಲ. ಯಾರೂ ಅವಳ ಹತ್ತಿರ ತರುತ್ತಲೂ ಇರಲಿಲ್ಲ.

ಅದಕ್ಕೆ ಕಾರಣ ಎಸ್ಟೆಲಾ, ನೂಲಂಗಡಿಯವರ ಮಗಳು. ಇಪ್ಪತ್ತೈದು ವರ್ಷದ ಮೇಲಾಯಿತು, ಹಡಗಿನಲ್ಲಿ ಕೆಲಸ ಮಾಡುವ ಹುಡುಗನೊಬ್ಬನ ಜೊತೆ ಅವಳ ಮದುವೆ ಗೊತ್ತಾಗಿತ್ತು. ಬಟ್ಟೆ ಸೆಪಾಳದು. ಮದುವೆಗೆ ಮುಂಚೆ ಮದುವೆಯ ಬಟ್ಟೆ ತೊಟ್ಟು ನೋಡಬಾರದು, ನೋಡಿದರೆ ಮದುವೆ ನಿಲ್ಲುತ್ತದೆ. ಇದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಆದರೆ ಎಸ್ಟೆಲಾ ಬಂದು, "ಒಂದೇ ಒಂದು ಸಲ, ಆಲಿಂಗ್ ಸೆಪಾ, ನಿಮ್ಮ ದಮ್ಮಯ್ಯ," ಎಂದು ಕೈಹಿಡಿದು ಬೇಡಿಕೊಂಡಳು. ಸೆಪಾಳ ಮನಸ್ಸು ಕರಗಿತು. ಹುಡುಗಿ ತೊಟ್ಟಳು. ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಳು. ಸಂತೋಷಕ್ಕೆ ಅಳುತ್ತಿದ್ದಾಳೆ ಅಂದುಕೊಂಡು ಸೆಪಾ ತಾನೂ ಸ್ವಲ್ಪ ಅತ್ತಳು.

ಮದುವೆಯ ದಿನ ಹುಡುಗ ಬರಲಿಲ್ಲ. ಇಗರ್ಜಿಯಲ್ಲಿ ಮೇಣದಬತ್ತಿಗಳು ಕರಗಿ ಬಾಗುವ ತನಕ ಜನ ಕಾದರು. ಆಮೇಲೆ ಯಾರೋ ಸೆಪಾಳ ಕಡೆ ತಿರುಗಿ, "ತೊಟ್ಟು ನೋಡಿದ್ಲಾ?" ಅಂದರು. ಸುಳ್ಳು ಅವಳಿಗೆ ಒಗ್ಗದ ವಿದ್ಯೆ. "ಹೂಂ" ಅಂದಳು. ಮುಗಿಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಊರು. ಸಂಜೆಯೊಳಗೆ ಹುಡುಗ, ಹಡಗು ಎಲ್ಲ ಮರೆತುಹೋಗಿ, ಸೆಪಾಳ ಸೂಜಿಯೊಂದೇ ಉಳಿಯಿತು. ಬಟ್ಟೆ ಗಂಟಾಗಿ ವಾಪಸು ಬಂತು. ಅದನ್ನು ಅವಳು ಹೊಲಿಗೆ ಹೊಲಿಗೆಯಾಗಿ ಬಿಚ್ಚಿ, ತುಂಡು ಮಾಡಿ, ವರ್ಷ ವರ್ಷ ದೇವದೂತರ ರೆಕ್ಕೆಗೆ ಒಳಬಟ್ಟೆಯಾಗಿ ಹಾಕಿ ಖರ್ಚು ಮಾಡಿದಳು.

ಎಸ್ಟೆಲಾ ಆಮೇಲೆ ಮದುವೆಯ ಮಾತೆತ್ತಲಿಲ್ಲ. ಅಪ್ಪನ ನೂಲಂಗಡಿಯಲ್ಲಿ ಕೂತಳು. ಬಗ್ಗಿ ಬಗ್ಗಿ ನೂಲು ಸುತ್ತಿ ಬೆನ್ನು ಬಾಗಿಸಿಕೊಂಡಳು. ಆದರೆ ಸೆಪಾಳ ಮೇಲೆ ಒಂದು ಕೆಟ್ಟ ಮಾತು ಆಡಲಿಲ್ಲ. ಬದಲಿಗೆ ಒಳ್ಳೆಯ ನೂಲುಂಡೆಗಳನ್ನು ಬೇರೆಯವರ ಕಣ್ಣಿಗೆ ಬೀಳದ ಹಾಗೆ ಅವಳಿಗೆಂದೇ ಎತ್ತಿಡುತ್ತಿದ್ದಳು. ಎಂಥ ದೊಡ್ಡ ಮನಸ್ಸು, ನಾನು ಇವಳ ಬಾಳು ಹಾಳುಮಾಡಿದೆ, ಇವಳು ನನಗೆ ನೂಲು ಎತ್ತಿಡುತ್ತಾಳೆ, ಎಂದು ಸೆಪಾ ಕೊರಗುತ್ತಿದ್ದಳು. ನೂಲು ತೆಗೆದುಕೊಳ್ಳುವಾಗ ಆ ಮುಖ ನೋಡಲು ಅವಳಿಂದ ಆಗುತ್ತಿರಲಿಲ್ಲ.

ಅಂಥ ಎಸ್ಟೆಲಾ ಈ ಜನವರಿಯಲ್ಲಿ, ಐವತ್ತರ ಹತ್ತಿರದ ಹೆಂಗಸು, ಕಂಕುಳಲ್ಲಿ ಬಟ್ಟೆಯ ಗಂಟು ಹಿಡಿದು ಮೆಟ್ಟಿಲು ಹತ್ತಿ ಬಂದಳು.

"ಕಾಫಿ ಆಮೇಲೆ ಇಡಿ, ಆಲಿಂಗ್ ಸೆಪಾ. ಮೊದ್ಲು ಕೂತ್ಕೊಳಿ. ನಾನು ಮದುವೆ ಆಗ್ತಿದ್ದೀನಿ."

"ಯಾರನ್ನೇ?"

"ಬಾತುಕೋಳಿ ಇಸ್ಕೋನ."

ಕೆರೆಯಂಚಿನಲ್ಲಿ ಬಾತುಕೋಳಿ ಸಾಕುವ ವಿಧುರ ಇಸ್ಕೋ. ಒಳ್ಳೆಯವನೇ. ಆದರೆ ಅವನು ಬೀದಿಗೆ ಬರುವ ಮುಂಚೆ ಅವನ ವಾಸನೆ ಬರುತ್ತಿತ್ತು.

"ಮತ್ತೆ ಆ ವಾಸನೆ?" ಸೆಪಾ ತಡೆಯಲಾರದೆ ಕೇಳಿದಳು.

"ನನ್ನ ಮೂಗಿಗೂ ಐವತ್ತಾಯ್ತು. ಅದಕ್ಕೂ ಸಾಕಾಗಿದೆ." ಎಸ್ಟೆಲಾ ಗಂಟು ಬಿಚ್ಚಿದಳು. ಒಳಗೆ ಅನಾನಸು ನಾರಿನ ಬಿಳಿ ಬಟ್ಟೆ. "ನಂಗೆ ಚಿಟ್ಟೆ ರೆಕ್ಕೆ ಹಾಗೆ ಎದ್ದು ನಿಲ್ಲೋ ತೋಳಿನ ನಿಲುವಂಗಿ ಬೇಕು. ಒಳಗೆ ನಿಮ್ಮ ಬೆತ್ತದ ಕುಪ್ಪಸ. ನೋಡಿ ಈ ಬೆನ್ನು, ನೂಲು ಸುತ್ತಿ ಸುತ್ತಿ ಕುಡುಗೋಲು ಆಗಿದೆ. ಅವತ್ತೊಂದು ದಿನ ನೆಟ್ಟಗೆ ನಿಲ್ಬೇಕು ನಾನು."

"ನಾನು ಮದುವೆ ಬಟ್ಟೆ ಹೊಲಿಯಲ್ಲ ಕಣೇ. ನಿಂಗಿಂತ ಚೆನ್ನಾಗಿ ಯಾರಿಗೆ ಗೊತ್ತು ಅದು?"

"ನೀವು ಹೊಲಿದ್ರೆ ತೊಡ್ತೀನಿ. ಇಲ್ಲಾಂದ್ರೆ ಅಂಗಡೀಲಿ ಕೂರೋ ಇದೇ ಲಂಗದಲ್ಲಿ ಹೋಗ್ತೀನಿ. ಈಗ ಬೆಲೆ ಹೇಳಿ. 'ತೋಚಿದ್ದು' ಅಂದ್ರೆ ಎದ್ದು ಹೋಗ್ಬಿಡ್ತೀನಿ. ನಾನು ಗಿರಾಕಿ, ನಂಗೆ ಬೆಲೆ ಕೇಳೋ ಹಕ್ಕಿದೆ."

ಸೆಪಾ ಮೇಜಿನ ಕೆಳಗೆ ಬಗ್ಗಿದಳು.

"ಕತ್ತರಿ ಇಲ್ಲಿದೆ," ಎಂದು ಎಸ್ಟೆಲಾ ಮೇಲಿನಿಂದ ತೋರಿಸಿದಳು.

"ಕೊನೆಗೆ ಹೇಳ್ತೀನಿ," ಅಂತ ಮೇಜಿನ ಕೆಳಗಿನಿಂದ ಉತ್ತರ ಬಂತು. ಹಾಗೆ ಅಂದಿದ್ದೇ ಒಪ್ಪಿಗೆಯೂ ಆಗಿಹೋಯಿತು.

ಒಪ್ಪಿದ ಮೇಲೆ ಸೆಪಾಳಿಗೆ ನಿದ್ದೆ ಹೋಯಿತು. ನಿಲುವಂಗಿಯನ್ನು ಅಳತೆಯ ಮೇಲೆಯೇ ಹೊಲಿಯಬಹುದು. ಬೆತ್ತದ ಕುಪ್ಪಸಕ್ಕೆ ಮೈಯೇ ಬೇಕು. ತೊಡಿಸಿ, ಲಾಡಿ ಬಿಗಿದು, ಕಡ್ಡಿ ಎಲ್ಲಿ ಚುಚ್ಚುತ್ತದೆ, ಎಲ್ಲಿ ಸಡಿಲ ಅಂತ ನೋಡದೆ ಹೊಲಿದರೆ ಅದು ಕುಪ್ಪಸವಲ್ಲ, ಮೀನಿನ ಬುಟ್ಟಿ. ತೊಡಿಸಿದರೆ ಮದುವೆ ನಿಲ್ಲುತ್ತದೆ. ಇವಳಿಗೆ ಮೂರನೆಯ ಮದುಮಗ ಎಲ್ಲಿಂದ ಬರಬೇಕು? ಕೊನೆಗೆ ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುವಂಥ ಉಪಾಯವೊಂದು ಹೊಳೆಯಿತು. ಕುಪ್ಪಸ ಇರುವುದೇ ಎರಡು ಹೋಳಾಗಿ. ಎಡಹೋಳು ಒಂದು ದಿನ ತೊಡಿಸುವುದು, ಬಲಹೋಳು ಇನ್ನೊಂದು ದಿನ. ಎರಡನ್ನೂ ಒಟ್ಟಿಗೆ ಮೈಗೆ ಸೋಕಿಸದೆ ಇದ್ದರಾಯಿತು. ಅರ್ಧ ಬಟ್ಟೆಯನ್ನು ಬಟ್ಟೆ ಅಂತ ಯಾವ ಶನಿ ತಾನೇ ಲೆಕ್ಕಕ್ಕೆ ಹಿಡಿಯುತ್ತದೆ?

"ಹಾಗಾದ್ರೆ ನಂಗೂ ಅರ್ಧ ಗಂಡ ಸಿಗ್ತಾನೇನೋ," ಅಂದಳು ಎಸ್ಟೆಲಾ.

"ಬಾಯ್ಮುಚ್ಚೇ. ಬಿಡ್ತು ಅನ್ನು."

"ಬಿಡ್ತು, ಬಿಡ್ತು."

ಎಡಹೋಳು ತೊಡಿಸಿದ್ದು ಊರಹಬ್ಬದ ದಿನ ಮಧ್ಯಾಹ್ನ. ಸಂತ ಸೆಬಾಸ್ಟಿಯನ್ನರ ಹಬ್ಬವೆಂದರೆ ಯಾರ ಮನೆಯ ಬಾಗಿಲೂ ಮುಚ್ಚಿರುವುದಿಲ್ಲ. ಕರೆದವರ ಮನೆಯಲ್ಲೆಲ್ಲ ತಿನ್ನದಿದ್ದರೆ ಅವರಿಗೆ ಅವಮಾನ. ಎಸ್ಟೆಲಾ ಯಾರಿಗೂ ಅವಮಾನ ಮಾಡಿರಲಿಲ್ಲ. ಹುರಿದ ಹಂದಿ, ಶ್ಯಾವಿಗೆ, ತೆಂಗಿನಹಾಲಿನ ಸಿಹಿ, ಎಲ್ಲ ಮುಗಿಸಿ ತೇಗುತ್ತ ಬಂದು ನಿಂತಳು. ಸೆಪಾ ಕನ್ನಡಿಗೆ ದುಪ್ಪಟಿ ಹೊದಿಸಿದಳು. ಭಯಕ್ಕೆ ಕಣ್ಣು ಅರ್ಧ ಮುಚ್ಚಿಕೊಂಡು, ಬರೀ ಬೆರಳಿನಿಂದ ತಡಕಿ ತಡಕಿ ಗುಂಡುಸೂಜಿ ಚುಚ್ಚಿದಳು.

ಬಲಹೋಳಿಗೆ ಶುಕ್ರವಾರ ಆರಿಸಿದಳು. ಶುಕ್ರವಾರ ಎಸ್ಟೆಲಾಳಿಗೆ ಹರಕೆಯ ಉಪವಾಸ, ಸಂಜೆಯ ತನಕ ಶುಂಠಿ ಕಷಾಯ ಬಿಟ್ಟರೆ ಏನೂ ಇಲ್ಲ. ಅಂಥ ಪವಿತ್ರ ದಿನ ಕೆಟ್ಟದ್ದು ಹತ್ತಿರ ಸುಳಿಯಲಾರದು ಎಂದು ಸೆಪಾಳ ಲೆಕ್ಕ. ಆವತ್ತೂ ದುಪ್ಪಟಿ, ಆವತ್ತೂ ಅರ್ಧ ಮುಚ್ಚಿದ ಕಣ್ಣು.

ಮದುವೆಗೆ ಇನ್ನು ಕೆಲವೇ ದಿನ ಅನ್ನುವಾಗ ಅವಳು ಎರಡೂ ಹೋಳುಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದಿಟ್ಟಳು. ನೋಡುತ್ತ ನೋಡುತ್ತ ಕುರ್ಚಿಗೆ ಕುಸಿದಳು. ಎಡಗಡೆಯದು ಗುಂಡಗೆ ಉಬ್ಬಿತ್ತು. ಬಲಗಡೆಯದು ಒಳಕ್ಕೆ ಸೊರಗಿತ್ತು. ಸೊಂಟದ ಹತ್ತಿರ ಒಂದಕ್ಕೂ ಇನ್ನೊಂದಕ್ಕೂ ಎರಡು ಬೆರಳು ವ್ಯತ್ಯಾಸ. ಒಂದು ಬದಿ ಹಬ್ಬ, ಒಂದು ಬದಿ ಉಪವಾಸ. ಇಡೀ ಜನ್ಮ ಬೆತ್ತ ಬಾಗಿಸಿದವಳು ಮಾಡಿದ ಕೆಲಸ ಇದು!

ನೂಲು ಕೊಡಲು ಬಂದ ಎಸ್ಟೆಲಾ ಅದನ್ನು ನೋಡಿ, ಮೊದಲು ಬಾಯಿಗೆ ಕೈ ಅಡ್ಡ ಹಿಡಿದಳು, ಆಮೇಲೆ ತಡೆಯದೆ ನಕ್ಕಳು. ನಕ್ಕು ಕಣ್ಣೊರೆಸಿಕೊಂಡು, "ಕೊಡಿ ಇತ್ಲಾಗೆ, ಎರಡೂ ಒಟ್ಟಿಗೆ ಹಾಕ್ಕೊಂಡು ನಿಲ್ತೀನಿ. ಸರಿ ಮಾಡಿ," ಅಂದಳು.

"ಆಗಲ್ಲ."

"ಮತ್ತೆ ಹೀಗೇ ಸೊಟ್ಟ ಹಾಕ್ಕೊಂಡು ಹೋಗ್ಲಾ?"

"ಸೊಟ್ಟಾನೇ ಹೋಗು. ದೊಗಳೆ ಅಂಗಿ ಹಾಕ್ಕೊಂಡು ಹೋಗು. ಜನ ನನ್ನ ಹೊಲಿಗೆ ನೋಡಿ ಉಗೀಲಿ." ಸೆಪಾ ಎರಡೂ ಹೋಳುಗಳನ್ನು ತನ್ನ ಕಡೆಗೆ ಎಳೆದುಕೊಂಡಳು. "ನಿನ್ನ ಮದುವೇನ ಈ ಕೈಯಿಂದ ಎರಡನೇ ಸಲ ಕೆಡಿಸಲ್ಲ ನಾನು. ಒಂದ್ಸಲ ಕೆಡಿಸಿದ್ದಕ್ಕೇ ದೇವರಿಗೆ ಏನು ಹೇಳ್ಬೇಕೋ ಗೊತ್ತಿಲ್ಲ."

ಎಸ್ಟೆಲಾಳ ನಗು ನಿಂತಿತು. ಕೈಯಲ್ಲಿದ್ದ ನೂಲುಂಡೆಯನ್ನು ಮೇಜಿನ ಮೇಲಿಟ್ಟಳು, ಮತ್ತೆ ಎತ್ತಿಕೊಂಡಳು.

"ನೀವು ಕೆಡಿಸ್ಲಿಲ್ಲ," ಅಂದಳು.

"ನೀನು ಒಳ್ಳೇಳು, ಹಾಗಂತೀಯ."

"ನಾನು ಒಳ್ಳೇಳಲ್ಲ, ಆಲಿಂಗ್ ಸೆಪಾ. ಕೇಳಿ. ಆ ಸಲ ನಿಮ್ಮ ಹತ್ರ ಬಟ್ಟೆ ತೊಟ್ಟು ನೋಡೋಕೆ ಬಂದ್ನಲ್ಲ, ಅದರ ಹಿಂದಿನ ದಿನಾನೇ ಅವನು ಹೇಳಿದ್ದ. ದೋಣಿ ಕಟ್ಟೆ ಹತ್ರ. ಅವನಿಗೆ ಸೆಬು ದ್ವೀಪದಲ್ಲಿ ಹೆಂಡ್ತಿ ಇದ್ಲು, ಮಗು ಇತ್ತು. ಬರಲ್ಲ ಅಂದ. ಅಪ್ಪಂಗೆ ಹೇಳಿದ್ರೆ ಕತ್ತಿ ತಗೊಂಡು ಹೋಗ್ತಿದ್ರು. ಯಾರಿಗೂ ಹೇಳ್ಲಿಲ್ಲ. ಆ ಬಟ್ಟೆ ತೊಡೋ ಭಾಗ್ಯ ಇನ್ನಿಲ್ಲ ಅಂತ ಗೊತ್ತಿತ್ತು, ಒಂದ್ಸಲ ನೋಡ್ಕೊಳೋಣ ಅಂತ ನಿಮ್ಮ ಕೈಹಿಡ್ಕೊಂಡೆ. ಅಷ್ಟೇ."

ಹೊರಗೆ ತೋಯಾಂಗ್ ಕಡುಬಿನ ಪಾತ್ರೆಯ ಮುಚ್ಚಳ ತೆಗೆದ ಸದ್ದು ಕೇಳಿತು.

"ಮತ್ತೆ ಇಗರ್ಜಿಯಲ್ಲಿ..." ಅಂದಳು ಸೆಪಾ.

"ಯಾರೋ ಶಕುನ ಅಂದ್ರು. ಮುಳುಗೋಳಿಗೆ ಕೊಂಬೆ ಸಿಕ್ಕ ಹಾಗಾಯ್ತು ನಂಗೆ. ಗಂಡೇ ಬಿಟ್ಟು ಹೋದ ಹುಡುಗಿ ಅನ್ನಿಸ್ಕೊಳೋದಕ್ಕಿಂತ ಶಕುನ ಕೆಟ್ಟ ಹುಡುಗಿ ಅನ್ನಿಸ್ಕೊಳೋದು ಸುಲಭ. ಆಮೇಲೆ ಹೇಳೋಣ, ನಾಳೆ ಹೇಳೋಣ ಅಂತ ಇದ್ದೆ. ಅಪ್ಪ ಹೋದ್ಮೇಲಾದ್ರೂ ಹೇಳ್ಬೇಕಿತ್ತು. ನಿಮ್ಮ ಮೆಟ್ಟಿಲು ಒಬ್ಬ ಮದುಮಗಳೂ ಹತ್ತದೇ ಇದ್ದದ್ದನ್ನ ಅಂಗಡೀಲಿ ಕೂತು ನೋಡ್ತಾನೇ ಇದ್ದೆ. ನೂಲು ಎತ್ತಿಡೋದು ಬಿಟ್ಟು ಏನೂ ಮಾಡ್ಲಿಲ್ಲ."

ಸೆಪಾಳಿಗೆ ಸಿಟ್ಟು ಬಂತು. ಬರದೆ ಏನು? ತಾನು ಕೊರಗಿದ ವರ್ಷಗಳೆಲ್ಲ ಒಮ್ಮೆಲೇ ಎದ್ದು ನಿಂತವು. ಎಷ್ಟು ಹುಡುಗಿಯರ ಮದುವೆಯ ಮೆರವಣಿಗೆಯನ್ನು ಕಿಟಕಿಯ ಸಂದಿನಿಂದ ನೋಡಿ, ಯಾರೋ ಹೊಲಿದ ಸೊಟ್ಟ ತೋಳು ಕಂಡು ಕೈ ಹಿಸುಕಿಕೊಂಡಿದ್ದಳು! ಎಸ್ಟೆಲಾಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಎದ್ದಳು ಕೂಡ. ಆದರೆ ಎದುರಿಗೆ ನಿಂತಿದ್ದದ್ದು ಬೆನ್ನು ಬಾಗಿದ, ನೂಲುಂಡೆಯನ್ನು ಎದೆಗವಚಿಕೊಂಡ ಹೆಂಗಸು. ಅವಳ ಹಿಂದೆ ದುಪ್ಪಟಿ ಹೊದ್ದ ಕನ್ನಡಿ. ಇಪ್ಪತ್ತಮೂರರ ಹುಡುಗಿಯೊಬ್ಬಳು ಆ ಕನ್ನಡಿಯ ಮುಂದೆ ಒಬ್ಬಳೇ ತನ್ನ ಮದುವೆ ಮಾಡಿಕೊಂಡು ಮುಗಿಸಿದ್ದಳು. ಸೆಪಾ ಪಕ್ಕದಲ್ಲೇ ನಿಂತು ಸಂತೋಷಕ್ಕೆ ಅತ್ತಿದ್ದಳು. ಸಿಟ್ಟು ಎಲ್ಲಿ ಹೋಯಿತೋ, ಸೆಪಾಳಿಗೆ ಆ ಹುಡುಗಿಯ ಮೇಲೆ ತಡೆಯಲಾರದಷ್ಟು ಮರುಕ ಬಂತು.

ಅವಳು ಕನ್ನಡಿಯ ದುಪ್ಪಟಿ ಎಳೆದು ಮಡಚಿಟ್ಟಳು.

"ಬೆಲೆ ಕೇಳಿದ್ಯಲ್ಲ," ಅಂದಳು. "ಹೇಳ್ತೀನಿ ಕೇಳು."

ಎಸ್ಟೆಲಾ ತಲೆಯೆತ್ತಿದಳು. ಮೇಜಿನ ಮೇಲೆ ಕತ್ತರಿ ಇದ್ದಲ್ಲೇ ಇತ್ತು.

"ನಾಳೆ ಬೆಳಿಗ್ಗೆ ಸಂತೆ ಹೊತ್ತಿಗೆ ಬಾ. ಈ ಬೀದಿ ಕಡೆ ಕಿಟಕಿ ಪೂರ್ತಿ ತೆಗೀತೀನಿ. ಕುಪ್ಪಸ, ನಿಲುವಂಗಿ, ಎಲ್ಲ ಹಾಕ್ಕೊಂಡು ಅಲ್ಲಿ ನಿಂತ್ಕೋಬೇಕು, ನಾನು ಸರಿ ಮಾಡಿ ಮುಗಿಸೋ ತನಕ. ಅದೇ ನನ್ನ ಬೆಲೆ. ಚೌಕಾಶಿ ಇಲ್ಲ." ಆಮೇಲೆ ಸೇರಿಸಿದಳು: "ಬೆತ್ತದ ದುಡ್ಡು ಬೇರೆ."

ಮರುದಿನ ಬೆಳಿಗ್ಗೆ ಹೊಳೆಬೀದಿ ತುಂಬ ಜನ, ಮೀನಿನ ಬುಟ್ಟಿ, ತರಕಾರಿ ಗಾಡಿ. ಮಹಡಿಯ ಕಿಟಕಿಯಲ್ಲಿ ಬಿಳಿ ಚಿಟ್ಟೆ ತೋಳು ಕಂಡ ಕೂಡಲೇ ಮೊದಲು ಕೂಗಿದವಳು ತೋಯಾಂಗ್. ಕಡುಬಿನ ಸೌಟು ಹಿಡಿದ ಕೈಯಲ್ಲೇ ಹಣೆ, ಎದೆ ಮುಟ್ಟಿ ಶಿಲುಬೆಯ ಗುರುತು ಮಾಡಿಕೊಂಡಳು.

"ಅಯ್ಯಯ್ಯೋ, ಬಿಚ್ಚೇ ಅದನ್ನ! ಹೋದ್ಸಲ ಆಗಿದ್ದು ಮರೆತ್ಯಾ? ಸೆಪಾ, ನಿಂಗೆ ಬುದ್ಧಿಗಿದ್ಧಿ ಇದ್ಯಾ?"

ಸೆಪಾ ಉತ್ತರ ಕೊಡುವ ಹಾಗಿರಲಿಲ್ಲ. ಅವಳು ಎಸ್ಟೆಲಾಳ ಸೊಂಟದ ಹತ್ತಿರ ಮೊಣಕಾಲೂರಿ ಕೂತಿದ್ದಳು, ಬಾಯಿ ತುಂಬ ಗುಂಡುಸೂಜಿ. ಉತ್ತರ ಮೇಲಿನಿಂದ ಬಂತು. ಬೆತ್ತ ಹಿಡಿದು ನಿಲ್ಲಿಸಿದ ಬೆನ್ನು ನೆಟ್ಟಗಿತ್ತು. ಅದಕ್ಕೋ ಏನೋ, ದನಿಯೂ ನೆಟ್ಟಗೆ ಹೊರಟಿತು.

"ಹೋದ್ಸಲ ನಾನು ಬಟ್ಟೆ ತೊಡೋ ಮುಂಚೇನೇ ಅವನು ಬಿಟ್ಟು ಹೋಗಿದ್ದ, ಆಲಿಂಗ್ ತೋಯಾಂಗ್! ಅವನಿಗೆ ಬೇರೆ ಹೆಂಡ್ತಿ ಇದ್ಲು. ನಂಗೆ ಗೊತ್ತಿತ್ತು. ಇವರ ಸೂಜಿದೇನೂ ತಪ್ಪಿಲ್ಲ. ಬಾಯಿ ಮುಚ್ಕೊಂಡಿದ್ದ ತಪ್ಪು ನಂದು!"

ತೋಯಾಂಗಳ ಸೌಟು ಪಾತ್ರೆಗೆ ವಾಪಸು ಹೋಯಿತು. ಬಾಯಿ ತುಂಬ ಗುಂಡುಸೂಜಿ ಇರುವಾಗ ಅಳುವ ಹಾಗಿಲ್ಲ. ಸೆಪಾ ಮೂಗಿನಲ್ಲೇ ಉಸಿರೆಳೆದು, ಮಂಜಾದ ಕಣ್ಣಿನಲ್ಲೇ ಎಡಬದಿಯ ಹಬ್ಬವನ್ನು ಒಂದು ಬೆರಳು ಒಳಗೆ ಹಿಡಿದಳು, ಬಲಬದಿಯ ಉಪವಾಸವನ್ನು ಒಂದು ಬೆರಳು ಸಡಿಲಿಸಿದಳು.

ಅಷ್ಟರಲ್ಲಿ ವಾಸನೆ ಬಂತು. ಹಿಂದೆಯೇ ಮೊಟ್ಟೆಯ ಗಾಡಿ ತಳ್ಳಿಕೊಂಡು ಇಸ್ಕೋ ಬಂದ. ಮದುವೆಗೆ ಮುಂಚೆ ಆ ಬಟ್ಟೆಯನ್ನು ಗಂಡು ನೋಡುವುದಂತೂ ಇನ್ನೂ ದೊಡ್ಡ ಅಪಶಕುನ. "ಕಣ್ಮುಚ್ಕೋ, ಕಣ್ಮುಚ್ಕೋ!" ಎಂದು ನಾಲ್ಕು ಜನ ಅವನ ಮೇಲೆ ಬಿದ್ದರು. ಅವನು ಅವರ ಕೈಗಳ ಸಂದಿನಿಂದ ಕಿಟಕಿಯ ಕಡೆಗೇ ನೋಡುತ್ತ ನಿಂತ. ಟೋಪಿ ತೆಗೆದ. "ಇದೇನಾ ಹಾಕ್ಕೊಂಡು ಬರೋದು?" ಅಂತ ಮಾತ್ರ ಕೇಳಿದ. ಹೌದು ಎಂದು ಅವಳು ತಲೆಯಾಡಿಸಿದಳು. ಅವನು ಗಾಡಿಯನ್ನು ಅಲ್ಲೇ ಮರೆತು ಹೋದ. ಆಮೇಲೆ ತೋಯಾಂಗಳೇ ಅದನ್ನು ನೆರಳಿಗೆ ತಳ್ಳಿದಳು.

ಇಷ್ಟೆಲ್ಲ ಆದರೂ, ಮದುವೆಯ ದಿನ ಇಗರ್ಜಿಗೆ ಹೊರಟ ಸೆಪಾ ದಾರಿಯುದ್ದಕ್ಕೂ ಶಿಲುಬೆಯ ಗುರುತು ಮಾಡಿಕೊಂಡಳು. ಸತ್ಯ ಬೇರೆ, ಭಯ ಬೇರೆ. ಇಷ್ಟು ವರ್ಷ ಮನೆ ಮಾಡಿಕೊಂಡಿದ್ದು ಒಂದೇ ದಿನದಲ್ಲಿ ಗಂಟುಮೂಟೆ ಕಟ್ಟುವುದಿಲ್ಲ. ಬೇಗ ಹೋಗಿ ಕೊನೆಯ ಬೆಂಚಿನಲ್ಲಿ ಕೂರೋಣ ಎಂದು ಹೋದಳು. ಇಗರ್ಜಿಯ ಬಾಗಿಲು ಆಗಷ್ಟೇ ತೆಗೆದಿತ್ತು. ಒಳಗೆ, ಪೀಠದ ಮುಂದೆ, ಒದ್ದೆ ಕೂದಲು ಬಾಚಿಕೊಂಡು, ಊರಿನ ಸೆಂಟನ್ನೆಲ್ಲ ಮೈಗೆ ಸುರಿದುಕೊಂಡು ಒಬ್ಬ ಮನುಷ್ಯ ನಿಂತಿದ್ದ. ಸೆಂಟಿನ ಅಡಿಯಿಂದ ಬಾತುಕೋಳಿ ಸಣ್ಣಗೆ ಇಣುಕುತ್ತಿತ್ತು. ಅಷ್ಟು ಒಳ್ಳೆಯ ವಾಸನೆ ತಾನು ಹುಟ್ಟಿದಾಗಿನಿಂದ ಮೂಸಿಲ್ಲ ಅನ್ನಿಸಿತು ಸೆಪಾಳಿಗೆ.

ತೋಯಾಂಗ್ ಬಂದು ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತು ಜಪಸರ ಎಣಿಸಿದಳು. ಆಮೇಲೆ ಮುಂದೆ ನೋಡುತ್ತಲೇ ಕೇಳಿದಳು: "ಅಂದ್ಹಾಗೆ, ನನ್ನ ಮೊಮ್ಮಗಳದ್ದು ಜೂನ್‌ನಲ್ಲಿ. ಬಟ್ಟೆಗೆ ಏನು ತಗೋತೀಯ?"

"ಶ್, ಬಂದ್ಲು," ಅಂದಳು ಸೆಪಾ.

ಎಸ್ಟೆಲಾ ಬಾಗಿಲಿನಿಂದ ನಡೆದು ಬಂದಳು. ಬೆತ್ತ ಒಂದು ಚೂರೂ ಕಿರುಗುಟ್ಟಲಿಲ್ಲ. ಬೆನ್ನು ನೆಟ್ಟಗೆ, ಎಡಬಲ ಸಮ, ಆದರೆ ಮುಖ ಬಿಳಿಚಿತ್ತು. ಕೊನೆಯ ಬೆಂಚಿನ ಹತ್ತಿರ ಅವಳ ಹೆಜ್ಜೆ ನಿಂತೇಹೋಯಿತು.

"ಉಸಿರಾಡು ಮಗಳೇ," ಸೆಪಾ ಪಿಸುಗುಟ್ಟಿದಳು. "ಬಂದಿದ್ದಾನೆ. ನೋಡು, ಅಲ್ಲೇ ನಿಂತಿದ್ದಾನೆ."

ಎಸ್ಟೆಲಾ ನೋಡಿದಳು. ಕುಪ್ಪಸದೊಳಗೆ ಎದೆ ಮೆಲ್ಲಗೆ ಏರಿ ಇಳಿಯಿತು. ಆಮೇಲೆ ಕೈಚಾಚಿ ಸೆಪಾಳ ಕೈ ಅದುಮಿದಳು.

"ನೀವೂ ಉಸಿರಾಡಿ, ಆಲಿಂಗ್ ಸೆಪಾ," ಅಂದು ಮುಂದೆ ನಡೆದಳು.